ಊಟದ ಪ್ಲೇಟು

ನಮ್ಮ ಕಡೆ ಹಳೆಯ ಹಾಡಿನ ರೆಕಾರ್ಡಿಗೆ ರೆಕಾರ್ಡು ಅನ್ನುವವರು ಕಡಿಮೆ. ಪ್ಲೇಟು ಅನ್ನುತ್ತಾರೆ. ಹಾಡಿನ ಪ್ಲೇಟು. ಆಡಿದ ಮಾತು ಬದಲಾಯಿಸಿದವನನ್ನು “ಪ್ಲೇಟು ತಿರುಗಿಸಿಬಿಟ್ಟ ನೋಡು” ಎಂದು ಬೈಯುವುದೂ ಇದರಿಂದಲೇ ಬಂದದ್ದಿರಬೇಕು. ನಾನು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಹೊಸದರಲ್ಲಿ ಇದೆಲ್ಲ ಗೊತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಓದಿ, ಅಲ್ಲಿನ ಹಾಸ್ಟೆಲಿನಲ್ಲೇ ಬೆಳೆದವಳು. ನನಗೆ ಪ್ಲೇಟೆಂದರೆ ಪ್ರಾರ್ಥನೆ ಮುಗಿಯುವ ತನಕ ಮುಟ್ಟಬಾರದ ವಸ್ತು, ಅಷ್ಟೇ. ಟ್ರಂಕಿನಲ್ಲಿ ಸೀರೆಗಳ ನಡುವೆ ಮೂರು ರೆಕಾರ್ಡುಗಳನ್ನು ಇಟ್ಟುಕೊಂಡು ಬಂದಿದ್ದೆ. ಅವುಗಳನ್ನು ನೋಡಿದ ಅತ್ತೆ, “ಪ್ಲೇಟು ತಂದಿದೀಯೇನೇ?” ಅಂದರು. ತವರಿನವರು ಪಾತ್ರೆ ಕೊಟ್ಟಿಲ್ಲವೆಂದು ಚುಚ್ಚುತ್ತಿದ್ದಾರೆ ಅಂದುಕೊಂಡು, “ಮೂರು ಡಜನ್ ಕೊಟ್ಟಿದಾರೆ ಅತ್ತೆ, ಎಲ್ಲಾ ಸ್ಟೀಲು” ಅಂದುಬಿಟ್ಟೆ. ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿ, “ಒಳ್ಳೇದಾಯ್ತು, ಅದ್ರಲ್ಲೇ ಹಾಡು ಕೇಳಣ” ಎಂದು ಒಳಗೆ ಹೋದರು. ಅವರ ತಮಾಷೆ ಹೀಗೆಯೇ, ನಗದೆ ಹೇಳಿ ಎದ್ದು ಹೋಗುವುದು.

ಆ ಮೂರು ರೆಕಾರ್ಡು ಕೊಟ್ಟವರು ಕಾನ್ವೆಂಟಿನಲ್ಲಿ ಪಿಯಾನೋ ಕಲಿಸುತ್ತಿದ್ದ ಸಿಸ್ಟರ್. ಶನಿವಾರ ಮಧ್ಯಾಹ್ನ ನಾವು ಹುಡುಗಿಯರು ವರಾಂಡದಲ್ಲಿ ಸಾಲಾಗಿ ಕೂತು ಕ್ಯಾನ್ವಾಸ್ ಶೂಗಳಿಗೆ ಬಿಳಿ ಬಳಿಯುವಾಗ ಅವರು ಒಳಗೆ ಜಾಝ್ ಹಾಕುತ್ತಿದ್ದರು. ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ನಮಗೆ ಕೇಳಿಸಬಾರದೆಂದೋ ಕೇಳಿಸಲೆಂದೋ, ಇವತ್ತಿಗೂ ಗೊತ್ತಿಲ್ಲ. ಮೊದಲು ಎಲ್ಲ ವಾದ್ಯದವರೂ ಒಟ್ಟಿಗೆ ಒಂದು ಧಾಟಿ ಹಿಡಿದು ಹೊರಡುತ್ತಾರೆ. ಆಮೇಲೆ ಒಬ್ಬೊಬ್ಬರೇ ಸೊಪ್ಪು ಕೊಯ್ಯಲು ಇಳಿದವರ ಹಾಗೆ ದಾರಿ ಬಿಟ್ಟು, ಬೇಲಿ ಪಕ್ಕ ಸುತ್ತಾಡಿ, ಎಲ್ಲೋ ಕಾಣೆಯಾದರು ಅನ್ನುವಷ್ಟರಲ್ಲಿ ಬಂದು ಸೇರಿಕೊಳ್ಳುತ್ತಾರೆ. ಗೆಳತಿಯರಿಗೆ ಅದು ಬೇಸರ. ನನಗೆ ಮಾತ್ರ ಆ ಕಾಣೆಯಾಗುವ ಜಾಗ ಬಂದಾಗ ಶೂ ಮೇಲಿನ ಬ್ರಶ್ಶು ನಿಂತುಹೋಗುತ್ತಿತ್ತು.

ದೊಡ್ಡಬಳ್ಳಾಪುರದಲ್ಲಿ ಅದನ್ನು ಕೇಳುವುದು ಅಷ್ಟು ಸುಲಭವಾಗಿರಲಿಲ್ಲ. ನಮ್ಮ ಮನೆಯ ಎಡಕ್ಕೂ ಬಲಕ್ಕೂ ಪವರ್‌ಲೂಮ್. ಕರೆಂಟಿದ್ದರೆ ಮಗ್ಗ ಓಡುತ್ತದೆ, ಮಗ್ಗ ಓಡಿದರೆ ಹಾಡು ಕೇಳಿಸುವುದಿಲ್ಲ. ಕರೆಂಟು ಹೋದರೆ ಬೀದಿಗೆ ಬೀದಿಯೇ ಸ್ತಬ್ಧ, ಆದರೆ ಆಗ ನನ್ನ ರೆಕಾರ್ಡ್ ಪ್ಲೇಯರೂ ಸ್ತಬ್ಧ. ನಮ್ಮವರು, “ಡ್ರಮ್ಮು ಪಕ್ಕದ್ಮನೆಯಿಂದ ಫ್ರೀಯಾಗಿ ಬರುತ್ತೆ, ನೀನು ಬರೀ ತುತ್ತೂರಿ ಹಾಕ್ಕೊ ಸಾಕು” ಎನ್ನುತ್ತಿದ್ದರು. ನಮ್ಮ ಬೀದಿಯವರು ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಹಾಗಾಗಿ ಬೇರೆಯವರು ಹುಣ್ಣಿಮೆ ನೋಡಿಕೊಂಡರೆ ನಾನು ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುವವಳಾದೆ.

ಮೂರು ಇದ್ದದ್ದು ವರ್ಷಗಳಲ್ಲಿ ನೂರು ದಾಟಿತು. ಹೆಚ್ಚಿನವು ಸಿನಿಮಾದವು. ನಾಲ್ಕೇ ಹಾಡು ಹಿಡಿಸುವ ಪುಟ್ಟ ರೆಕಾರ್ಡುಗಳು, ಇಡೀ ಸಿನಿಮಾದ ಹಾಡುಗಳಿರುವ ದೊಡ್ಡವು, ಹಾಡಿನ ಮಧ್ಯೆ ಮಾತುಗಳೂ ಇರುವ ಒಂದೆರಡು. ಆವತಿಯಲ್ಲಿ ಒಬ್ಬ ನಿವೃತ್ತ ಮೇಷ್ಟರ ಮನೆಯ ಅಟ್ಟದಿಂದ ಹನ್ನೊಂದು ಇಳಿದು ಬಂದವು. ಒಂದರ ಹೊದಿಕೆಯ ಮೇಲೆ ನಾಯಕಿಗೆ ಯಾರೋ ಮಗು ಪೆನ್ನಿನಲ್ಲಿ ಮೀಸೆ ಬರೆದಿತ್ತು. ಅಳಿಸಲಿಲ್ಲ, ಮೀಸೆ ಅವಳಿಗೆ ಚೆನ್ನಾಗಿಯೇ ಒಪ್ಪಿತ್ತು. ಸಿನಿಮಾ ಪ್ಲೇಟು ಹಾಕಿದರೆ ಮನೆಯಲ್ಲಿ ಎಲ್ಲರೂ ಕೂರುವರು. ಅತ್ತೆ ಅವರೆಕಾಯಿ ಬಿಡಿಸುತ್ತಾ, ನಾಯಕ ಯಾವ ಗುಡ್ಡದ ಮೇಲೆ ಯಾವ ಬಣ್ಣದ ಅಂಗಿಯಲ್ಲಿ ಓಡಿದ ಎಂದು ಹೇಳುವರು. ಜಾಝ್ ಹಾಕಿದರೆ ಮಾತ್ರ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಗುತ್ತಿತ್ತು. “ನಿನ್ ಇಂಗ್ಲಿಷ್ ಪ್ಲೇಟು ಮುಗಿದ ಮೇಲೆ ಕರಿ” ಎಂದು ಅತ್ತೆ ಹಿತ್ತಲಿಗೆ ಹೊರಡುವರು.

ಅದಕ್ಕೆ ಬೇಜಾರಿತ್ತೆಂದು ಆಗ ಒಪ್ಪಿಕೊಳ್ಳುತ್ತಿರಲಿಲ್ಲ. ಜಾಝ್ ರೆಕಾರ್ಡುಗಳು ನಮ್ಮ ಸುತ್ತಮುತ್ತ ಸಿಗುತ್ತಲೂ ಇರಲಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಇದ್ದವಾದರೂ ಅವುಗಳ ಬೆಲೆ ಕೇಳಿದ ಮೇಲೆ ಮುಟ್ಟುವುದಕ್ಕೂ ಸಂಕೋಚ. ಇಷ್ಟು ವರ್ಷದ ಹುಡುಕಾಟದಲ್ಲಿ ನನ್ನಲ್ಲಿದ್ದ ಜಾಝ್ ಒಟ್ಟು ಐದು. ಆ ಐದೂ ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲಿನ ಹುಡುಗಿಯವು, ಈ ಊರಿಗೂ ಅವಕ್ಕೂ ಸಂಬಂಧವಿಲ್ಲ ಎಂದು ನಾನೂ ತೀರ್ಮಾನಿಸಿಬಿಟ್ಟಿದ್ದೆ.

ತ್ಯಾಮಗೊಂಡ್ಲು ಅತ್ತೆಯ ತವರು. ಹೋದ ವರ್ಷ ಅಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಾಗ, ಊಟವಾದ ಮೇಲೆ ಅತ್ತೆ, “ಇಲ್ಲೊಬ್ಬ ಮೈಕ್‌ಸೆಟ್ಟಿನವನು ಇದಾನೆ, ಅವನತ್ರ ಪ್ಲೇಟು ಇರ್ಬೋದು, ಕೇಳ್ಕೊಂಡ್ ಬಾ” ಎಂದು ದಾರಿ ತೋರಿಸಿದರು. ಮೈಕ್‌ಸೆಟ್ಟಿನ ಯಜಮಾನರಿಗೆ ಎಪ್ಪತ್ತರ ಹತ್ತಿರ. ಕಿವಿಯ ಮೇಲೆ ಪೆನ್ಸಿಲು. ಅಂಗಡಿಯಲ್ಲಿ ಮೈಕ್ ಅಲ್ಲದೆ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಎಲ್ಲವೂ ಬಾಡಿಗೆಗೆ. ಹೂವಿನಂತೆ ಬಾಯಿ ತೆರೆದ ಹಾರ್ನುಗಳು ಸೂರಿನಿಂದ ತಲೆಕೆಳಗಾಗಿ ತೂಗುತ್ತಿದ್ದವು. ಒಂದರೊಳಗೆ ಗುಬ್ಬಿ ಹುಲ್ಲು ತುಂಬಿತ್ತು.

“ಯಜಮಾನ್ರೇ, ನಿಮ್ಮತ್ರ ಹಳೇ ಪ್ಲೇಟು ಇದ್ಯಾ?” ಅಂದೆ.

“ಐತೆ ತಾಯಿ. ಎಷ್ಟು ಜನಕ್ಕೆ?”

ಅವರ ಕೈ ಗೋಡೆಯುದ್ದಕ್ಕೂ ಪೇರಿಸಿದ್ದ ಸ್ಟೀಲು ತಟ್ಟೆಗಳ ಕಡೆ ಹೋಗಿತ್ತು. ನಾನು ನಾಚಿಕೊಂಡು, ಹಾಡಿನ ಪ್ಲೇಟು ಎಂದು ತಿದ್ದಿದೆ. ಅವರಿಗೆ ನಗು ಬಂತು. ನನಗಿಂತ ಹೆಚ್ಚು ಸಂತೋಷವೂ ಬಂತು. ಯಾರೂ ಕೇಳಿರಲಿಲ್ಲವಂತೆ, ಎಷ್ಟೋ ಕಾಲದಿಂದ. ಹಿಂದಿನ ಕೋಣೆಯಿಂದ ಎರಡು ಮರದ ಪೆಟ್ಟಿಗೆ ಎಳೆದು ತಂದು, ಟವೆಲಿನಿಂದ ದೂಳು ಹೊಡೆದರು.

ಎಲ್ಲವೂ ಸಿನಿಮಾದವು. ಪ್ರತಿಯೊಂದರ ಹೊದಿಕೆಯ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಒಂದೊಂದು ಮಾತು ಬರೆದಿತ್ತು: “ಎದುರುಗೊಳ್ಳೋದು”, “ಧಾರೆ”, “ಆರತಿ”, “ಹೆಣ್ಣು ಒಪ್ಸೋದು”. ಮದುವೆ ಮನೆಯಲ್ಲಿ ಯಾವ ಹೊತ್ತಿಗೆ ಯಾವ ಹಾಡು ಎಂದು ಗುರುತು. ಒಂದು ಪುಟ್ಟ ರೆಕಾರ್ಡಿನ ಒಂದು ಮಗ್ಗುಲಿಗೆ “ಧಾರೆ” ಎಂದೂ ಇನ್ನೊಂದಕ್ಕೆ ಕೆಂಪು ಶಾಯಿಯಲ್ಲಿ “ಮುಟ್ಟಬಾರದು” ಎಂದೂ ಇತ್ತು.

“ಅದ್ಯಾಕೆ?”

“ಆ ಮಗ್ಗುಲಲ್ಲಿ ಅಳೋ ಹಾಡು ಐತಮ್ಮ, ಗಂಡ ಬಿಟ್ಟೋಗಿದ್ದು. ಒಂದ್ಸಲ ಒಬ್ಬ ಹುಡುಗ ಗೊತ್ತಿಲ್ದೆ ಹಾಕ್ಬಿಟ್ಟ. ತಾಳಿ ಕಟ್ಟೋ ಹೊತ್ತು. ಹೆಣ್ಣಿನ ಕಡೆಯೋರು ನನ್ನ ಹಾರ್ನ್ ಕಂಬ ಹತ್ತಿ ವೈರು ಕಿತ್ತಾಕಿದ್ರು.”

ಆಮೇಲೆ ಆ ಗಂಡ ಹೆಂಡತಿ ಚೆನ್ನಾಗಿದ್ದಾರೆಯೇ ಎಂದು ಕೇಳಿದೆ. “ಚೆನ್ನಾಗವ್ರೆ, ನನ್ನತ್ರ ಮಾತ್ರ ಇನ್ನೂ ಮಾತಾಡಲ್ಲ” ಅಂದರು.

ಇಪ್ಪತ್ತು ರೆಕಾರ್ಡು ಆರಿಸಿಕೊಂಡೆ. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟುತ್ತಾ ಅವರು, “ಊಟದ ಪ್ಲೇಟೂ ಒಂದ್ ಪೆಟ್ಗೆ ಅವೆ. ಬೇಕಾ ತಾಯಿ?” ಎಂದು ಕೇಳಿದರು.

ನಾನು ಗೋಡೆಯ ಸ್ಟೀಲು ತಟ್ಟೆಗಳನ್ನು ನೋಡಿದೆ. ಆಗಲೇ ಒಮ್ಮೆ ಪೇಚಿಗೆ ಸಿಕ್ಕಿದ್ದವಳು, ಈ ಸಲ ಬಲು ಜಾಣೆಯಂತೆ ನಕ್ಕು, “ಬೇಡಿ ಯಜಮಾನ್ರೇ, ಅವು ನಮ್ಮನೇಲಿ ಬೇಕಾದಷ್ಟಿವೆ” ಅಂದೆ.

“ಹೌದಾ? ನಿಮ್ಮನೇಲಿ ಅವೂ ಅವ್ಯಾ?” ಅವರು ಕನ್ನಡಕದ ಮೇಲಿಂದ ನನ್ನನ್ನು ಗೌರವದಿಂದ ನೋಡಿದರು. ತಟ್ಟೆಗೆ ಇಷ್ಟು ಗೌರವವೇ ಎಂದು ನನಗೆ ಅನಿಸಿದ್ದು ನಿಜ. ಆದರೂ ನಿಂತು ಕೇಳಲಿಲ್ಲ. ಹೊರಗೆ ನಮ್ಮವರು ಸ್ಕೂಟರಿನ ಹಾರ್ನ್ ಒತ್ತುತ್ತಿದ್ದರು.

ಆರೇಳು ತಿಂಗಳಾದ ಮೇಲೆ ನೆಲಮಂಗಲದಲ್ಲಿ ಅತ್ತೆಯ ತಮ್ಮನ ಮಗಳ ಮದುವೆ. ಊಟಕ್ಕೆ ಕೂತರೆ ಪಕ್ಕದ ಎಲೆಗೆ ಬಂದು ಕೂತವರು ಅದೇ ಮೈಕ್‌ಸೆಟ್ಟಿನ ಯಜಮಾನರು. ಈಗ ಅವರು ಬರಿಯ ನೆಂಟ. ಸಭಾಂಗಣದ ತುಂಬ ಡಿಜೆ ಹುಡುಗರ ಪೆಟ್ಟಿಗೆಗಳು. ಹೊಸ ಸಿನಿಮಾದ ಹಾಡೊಂದು ಎಷ್ಟು ಜೋರಾಗಿತ್ತೆಂದರೆ ನನ್ನ ಎಲೆಯ ಮೇಲಿನ ಹಪ್ಪಳ ಸಣ್ಣಗೆ ನಡುಗುತ್ತಿತ್ತು. ಎದುರು ಸಾಲಿನ ಹುಡುಗರು ಕೋಸಂಬರಿ ಕೈಯಲ್ಲಿ ಹಿಡಿದು ಹಾಡುತ್ತಿದ್ದರು. ಸಾರು ಬಂದು ನಿಂತರೂ ಅವರಿಗೆ ಗೊತ್ತಾಗಲಿಲ್ಲ.

ಯಜಮಾನರು ತಲೆ ಅಲ್ಲಾಡಿಸಿದರು. “ನೋಡಕ್ಕಾ,” ಎಂದು ಆಚೆ ಪಕ್ಕದ ಅತ್ತೆಗೆ ಹೇಳಿದರು, “ಊಟದ ಹೊತ್ನಲ್ಲಿ ಮಾತಿರೋ ಹಾಡು ಹಾಕ್ಬಾರ್ದು. ಜನ ಹಾಡ್ಕೊಂಡು ಕೂತ್ರೆ ಎಲೆ ಬಿಟ್ಟು ಏಳ್ತಾರಾ? ಅಲ್ನೋಡು, ಎರಡನೇ ಪಂಕ್ತಿಯೋರು ಬಾಗಿಲಲ್ಲಿ ನಿಂತು ಇವರ ಬಾಯೇ ನೋಡ್ತಾವ್ರೆ.”

“ಮತ್ತೆ ನೀನು ಏನ್ ಹಾಕ್ತಿದ್ದೆ, ಹರಿಕಥೆನಾ?” ಅಂದರು ಅತ್ತೆ.

“ನಾನ್ ಹಾಕ್ತಿದ್ದಿದ್ದು ಊಟದ ಪ್ಲೇಟು. ಮಾತೇ ಇಲ್ಲ. ಬರೀ ಊದೋದು, ಬಾರ್ಸೋದು. ಇಂಗ್ಲಿಷ್ನೋರ್ದು. ನಮ್ಮಪ್ಪ ಬೆಂಗ್ಳೂರು ದಂಡಿನಲ್ಲಿ ಒಂದು ಬಂಗ್ಲೆ ಖಾಲಿ ಮಾಡ್ವಾಗ ಹಾರ್ನ್ ತರಕ್ಕೋಗಿದ್ದೋನು, ಜೊತೆಗೆ ಆ ಪೆಟ್ಗೆನೂ ತಂದ. ಏನ್ ಮಾಡದು ಇದ್ನ ಅಂತ ಒಂದಿನ ಊಟಕ್ಕೆ ಹಾಕಿದ್ವಿ. ಏನ್ ಹೇಳ್ಲಿ ಅಕ್ಕಾ, ಮೂರು ಪಂಕ್ತಿ ಗಂಟೆಯೊಳಗೆ ಎದ್ದೋಯ್ತು. ಆಮೇಲೆ ಅಡುಗೆ ಭಟ್ಟರೇ ಕೇಳೋರು, ಊಟದ ಪ್ಲೇಟು ತಂದಿದೀಯಾ ಅಂತ.” ಆಮೇಲೆ ನನ್ನ ಕಡೆ ತಿರುಗಿದರು. “ಇವ್ರ್ಗೂ ಕೇಳ್ದೆ ಅವತ್ತು. ನಮ್ಮನೇಲಿ ಬೇಕಾದಷ್ಟಿವೆ ಅಂದ್ರು.”

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಊದೋದು, ಬಾರಿಸೋದು, ಮಾತಿಲ್ಲ, ಕಂಟೋನ್ಮೆಂಟಿನ ಬಂಗಲೆ. ಬಡಿಸುವವರು ಬಂದು “ಅಮ್ಮಾ, ಎಲೆ ಕಡೆ ನೋಡಿ” ಅನ್ನುವ ತನಕ ನನಗೆ ಎಲೆ ಕಾಣಲಿಲ್ಲ. ಒಂದು ಪೆಟ್ಟಿಗೆ ಜಾಝ್. ಅದೂ ತ್ಯಾಮಗೊಂಡ್ಲಿನಲ್ಲಿ. ಸಿಸ್ಟರು ಬಾಗಿಲು ಅರ್ಧ ಮುಚ್ಚಿಕೊಂಡು ಕೇಳುತ್ತಿದ್ದುದನ್ನು ಇಲ್ಲಿ ಹಾರ್ನ್ ಕಟ್ಟಿ, ಅಡಕೆ ತೋಟಗಳ ಆಚೆಗೂ ಕೇಳುವಂತೆ ಹಾಕಿದ್ದಾರೆ! ಅದನ್ನು ಕೇಳುತ್ತಾ ಜನ ಅನ್ನ ಸಾರು ಉಂಡಿದ್ದಾರೆ. ಬಹುಶಃ ಅತ್ತೆಯೂ ಉಂಡಿರಬಹುದು. ನಾನು ಮಾತ್ರ ಬೇಡವೆಂದು ಬಂದವಳು.

“ಯಜಮಾನ್ರೇ, ಆ ಪೆಟ್ಟಿಗೆ ನನಗೆ ಬೇಕು” ಅಂದೆ. ಧ್ವನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು, ಎದುರು ಸಾಲಿನವರು ನೋಡಿದರು.

“ಬೆಳಿಗ್ಗೆ ಹುಡುಕಿ ಫೋನ್ ಮಾಡ್ತೀನಿ” ಎಂದು ನಂಬರು ಬರೆದುಕೊಂಡರು.

ಮರುದಿನ ಬೆಳಿಗ್ಗೆ ಫೋನ್ ಬಂತು. ಎತ್ತಿದ ಕೂಡಲೇ ಕೇಳಿದ್ದು ಒಂದು ದೊಡ್ಡ ನಿಟ್ಟುಸಿರು. “ಎಡವಟ್ಟಾಯ್ತು ತಾಯಿ.”

ಆಗಿದ್ದಿಷ್ಟು. ಈಗೆಲ್ಲ ಕಲ್ಯಾಣ ಮಂಟಪಗಳಲ್ಲೇ ಪಾತ್ರೆ ಇರುತ್ತದೆಂದು ಅವರು ಎರಡು ತಿಂಗಳ ಹಿಂದೆ ಪಾತ್ರೆ ಪಡಗವನ್ನೆಲ್ಲ ಹೊಸಕೋಟೆಯ ಅಡುಗೆ ಕಾಂಟ್ರಾಕ್ಟಿನ ಹೆಂಗಸೊಬ್ಬರಿಗೆ ಕೊಟ್ಟಿದ್ದರು. ಲಾರಿಗೆ ತುಂಬುವವರು ಸ್ಟೀಲು ತಟ್ಟೆಗಳನ್ನು ತುಂಬಿ, ಕೋಣೆಯ ಮೂಲೆಯಲ್ಲಿ ನೀಲಿ ಬಣ್ಣದಲ್ಲಿ “ಊಟದ ಪ್ಲೇಟು” ಎಂದು ಬರೆದಿದ್ದ ಪೆಟ್ಟಿಗೆಯನ್ನೂ ನೋಡಿ, ಇದೂ ಇದೆಯಲ್ಲ ಎಂದು ಎತ್ತಿ ಹಾಕಿದ್ದರು.

“ಬರ್ದಿದ್ದು ನಾನೇ, ಮೋಸ ಹೋಗಿದ್ದೂ ನಾನೇ” ಅಂದರು. “ಆ ಯಮ್ಮನ ಫೋನ್ ಹತ್ತಲಿಲ್ಲ. ಶೆಡ್ ಎಲ್ಲೈತೆ ಅಂತ ಹೇಳ್ತೀನಿ, ಬರ್ಕೊಳ್ಳಿ. ಬೇಗ ಹೋಗಿ. ಅವ್ರೇನು ಮಾಡವ್ರೋ.”

ಅವರೇನು ಮಾಡಿರಬಹುದು ಎಂದು ನಾನು ಆಗಲೇ ನೂರೆಂಟು ಯೋಚಿಸಿದ್ದೆ. ಗುಜರಿಗೆ ಹಾಕಿರಬಹುದು. ಒಲೆಗೆ ಹಾಕಿರಬಹುದು. ಬಿಸಿಲಿನಲ್ಲಿ ಇಟ್ಟಿದ್ದರೂ ಸಾಕು, ಎರಡು ತಿಂಗಳಲ್ಲಿ ದೋಸೆಯ ಅಂಚಿನ ಹಾಗೆ ಎದ್ದಿರುತ್ತವೆ. ನಮ್ಮವರಿಗೆ ರಜೆ ಇರಲಿಲ್ಲ. ನಾನೊಬ್ಬಳೇ ಹೊರಟೆ ಎಂದಾಗ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

“ನೀವ್ಯಾಕೆ ಅತ್ತೆ, ಎರಡು ಬಸ್ಸು ಹತ್ಬೇಕು.”

“ನೀನು ಹೋದ್ರೆ ಸ್ಸಾರಿ, ಥ್ಯಾಂಕ್ಯೂ ಅಂದ್ಬಿಟ್ಟು ಬರೀ ಕೈಲಿ ಬರ್ತೀಯ. ನಡಿ.”

ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ ಸೂಲಿಬೆಲೆ ಮೇಲೆ ಹೋದೆವು. ದ್ರಾಕ್ಷಿ ತೋಟಗಳ ನಡುವೆ ಬಸ್ಸು ನಿಂತು ನಿಂತು ಸಾಗುತ್ತಿತ್ತು. ನಿಂತಾಗಲೆಲ್ಲ ನನ್ನ ಕಾಲು ತಾನೇ ಆಕ್ಸಿಲರೇಟರು ತುಳಿಯುವ ಹಾಗೆ ನೆಲ ಒತ್ತುತ್ತಿತ್ತು. ಅತ್ತೆ ಕಿಟಕಿ ಪಕ್ಕ ಕೂತು ಪ್ರತಿ ನಿಲ್ದಾಣದಲ್ಲೂ ಏನು ಮಾರಲು ಬಂದಿದ್ದರೂ ಬೆಲೆ ಕೇಳಿದರು. ಯಾವುದನ್ನೂ ಕೊಳ್ಳಲಿಲ್ಲ.

ಹೊಸಕೋಟೆಯ ಹಳೇ ಮದ್ರಾಸು ರಸ್ತೆಯಿಂದ ಒಳಗೆ ಹೋದರೆ ಒಂದು ತಗಡಿನ ಶೆಡ್ಡು. ಸಂಜೆ ಯಾರದೋ ಆರತಕ್ಷತೆಗೆ ಅಡುಗೆ ನಡೆಯುತ್ತಿತ್ತು. ನಾಲ್ಕು ಒಲೆ, ಈರುಳ್ಳಿಯ ಗುಡ್ಡ, ತೊಳೆದಿಟ್ಟ ಕೊತ್ತಂಬರಿ. ಅಡುಗೆ ಕಾಂಟ್ರಾಕ್ಟಿನ ಹೆಂಗಸು ನನ್ನ ವಯಸ್ಸಿನವರು. ಸೊಂಟಕ್ಕೆ ಸೆರಗು ಬಿಗಿದು, ಸೌಟು ಹಿಡಿದೇ ಮಾತಾಡುತ್ತಿದ್ದರು. ಮನೆಮಾತು ತೆಲುಗು. ನಾನು ತ್ಯಾಮಗೊಂಡ್ಲಿನ ಪೆಟ್ಟಿಗೆ ಎಂದ ಕೂಡಲೇ ಅವರ ಮುಖ ಅರಳಿತು.

“ಓ, ಆ ತೂತು ಪ್ಲೇಟಾ! ಏನಮ್ಮಾ ಅವು? ಪೆಟ್ಗೆ ಮೇಲೆ ನೋಡಿದ್ರೆ ಊಟದ ಪ್ಲೇಟು ಅಂತ ಐತೆ. ತೆಗ್ದು ನೋಡಿದ್ರೆ ಕರ್ರಗೆ, ಮಧ್ಯದಲ್ಲಿ ತೂತು. ಸಾರು ನಿಲ್ಲುತ್ತಾ ಅದ್ರಲ್ಲಿ? ತ್ಯಾಮಗೊಂಡ್ಲೋರು ಅದ್ರಲ್ಲಿ ಹೆಂಗ್ ಉಣ್ತಾರೋ ಅಂತ ನಮ್ಮ ಹುಡುಗೀರೆಲ್ಲಾ ಒಂದು ವಾರ ನಕ್ಕವ್ರೆ.”

“ಈಗ ಎಲ್ಲಿವೆ?” ಅಂದೆ.

ಅವರು ಸೌಟಿನಿಂದಲೇ ತೋರಿಸಿದರು. ಒಲೆಯ ಪಕ್ಕ ಸಾಲಾಗಿ ಇಟ್ಟಿದ್ದ ಹಾಲಿನ, ಸಾರಿನ, ಕೂಟಿನ ಪಾತ್ರೆಗಳ ಮೇಲೆ, ಮುಚ್ಚಳದ ಜಾಗದಲ್ಲಿ, ಐದು ಕಪ್ಪು ರೆಕಾರ್ಡುಗಳು. ನಡುವಿನ ತೂತಿನಿಂದ ಸಣ್ಣಗೆ ಹಬೆ ಏಳುತ್ತಿತ್ತು.

“ಮುಚ್ಚಳಕ್ಕೆ ಭಾಳಾ ಚೆನ್ನಾಗವೆ. ತೂತಿರೋದ್ರಿಂದ ಉಕ್ಕಲ್ಲ” ಎಂದು ಆಕೆ ವಿವರಿಸಿದರು.

ನಾನು ಹತ್ತಿರ ಹೋದೆ. ಹಾಲಿನ ಪಾತ್ರೆಯ ಮೇಲಿನದು ಪಾತ್ರೆಯ ಬಾಯಿಯ ಆಕಾರಕ್ಕೇ ಬಗ್ಗಿ, ತಲೆಕೆಳಗಾದ ಬಟ್ಟಲಾಗಿತ್ತು. ಲೇಬಲ್ ನೆನೆದು ಕೆನೆಯ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಒಂದು ಪದ ಮಾತ್ರ ಓದಲು ಆಗುತ್ತಿತ್ತು: ಕ್ಲಾರಿನೆಟ್. ನನ್ನ ಕಣ್ಣು ತುಂಬಿದ್ದನ್ನು ಆಕೆ ನೋಡಿದರು. “ಈರುಳ್ಳಿ ಘಾಟು, ಈಚೆ ಬಾಮ್ಮಾ” ಎಂದು ಕೈ ಹಿಡಿದು ಎಳೆದರು.

ಅತ್ತೆ ಅಷ್ಟರಲ್ಲಿ ಕೆಲಸಕ್ಕೆ ಇಳಿದಿದ್ದರು. “ಉಳಿದಿದ್ದೆಲ್ಲಾ ಎಲ್ಲಿವೆ?”

“ಪೆಟ್ಗೇಲೇ ಅವೆ. ಮಿಕ್ಸಿ ಇಡಕ್ಕೆ ಎತ್ರ ಬೇಕಿತ್ತು.”

ಮಿಕ್ಸಿಯ ಕೆಳಗಿಂದ ಪೆಟ್ಟಿಗೆ ಹೊರಬಂತು. ಅದರ ಮೇಲೆಲ್ಲ ಕಾಯಿಚಟ್ನಿಯ ಚುಕ್ಕೆ. ಮುಚ್ಚಳ ತೆಗೆದೆ. ಒಳಗೆ ಒಣಗಿತ್ತು; ದೇವರಿದ್ದಾನೆ. ಹದಿನೇಳು, ಎಲ್ಲವೂ ಹೊದಿಕೆಯಲ್ಲಿ, ಲಂಬವಾಗಿ ನಿಂತಿದ್ದವು. ಯಾರಿಗೋ ಹೀಗೆಯೇ ನಿಲ್ಲಿಸಬೇಕೆಂದು ಗೊತ್ತಿತ್ತು. ಒಂದನ್ನು ಎಳೆದು ಬೆಳಕಿಗೆ ಹಿಡಿದೆ. ಗೀರು ಇತ್ತು, ಬಾಗಿರಲಿಲ್ಲ. ಇನ್ನೊಂದನ್ನು ಎಳೆದೆ. ಅದೂ ನೆಟ್ಟಗಿತ್ತು.

“ತಗೊಂಡ್ಹೋಗಿ,” ಎಂದರು ಆಕೆ, “ಆದ್ರೆ ಈ ಐದು ಕೊಡಲ್ಲ. ಸಂಜೆಗೆ ನಂಗೆ ಮುಚ್ಚಳ ಬೇಕು.”

“ಆ ಐದೂ ಕೊಡಿ, ಪ್ಲೀಸ್” ಅಂದೆ. ಬಗ್ಗಿ ಹೋದವನ್ನು ತಂದು ಏನು ಮಾಡುವೆನೆಂದು ನನಗೇ ಗೊತ್ತಿರಲಿಲ್ಲ. ಹಬೆಯಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲ, ಅಷ್ಟೇ.

“ಏಮಮ್ಮಾ ಇದು, ಮುಚ್ಚಳಕ್ಕೆ ಅಳ್ತಾರಾ ಯಾರಾದ್ರೂ?” ಎಂದು ಆಕೆ ಅತ್ತೆಯನ್ನು ಕೇಳಿದರು.

“ನಮ್ ಸೊಸೆ ಅಳ್ತಾಳೆ” ಅಂದರು ಅತ್ತೆ. “ಹಾಡಿನ ಪ್ಲೇಟು ಅವು. ನಮ್ಮೂರ ಮದ್ವೆಗಳಲ್ಲಿ ಊಟಕ್ಕೆ ಹಾಕ್ತಿದ್ರು. ಇವಳು ಇಂಗ್ಲಿಷ್ ಇಸ್ಕೂಲಲ್ಲಿ ಕೇಳ್ದೋಳು, ನಾವು ಪಂಕ್ತೀಲಿ ಕೇಳ್ದೋರು.” ಆಮೇಲೆ ನನ್ನತ್ತ ನೋಡದೆ, “ಇಲ್ಲೇ ಕೂತಿರು” ಎಂದು ಹೊರಟುಹೋದರು.

ಅರ್ಧ ಗಂಟೆಯ ಮೇಲೆ ಪೇಟೆಯ ಪಾತ್ರೆ ಅಂಗಡಿಯಿಂದ ಐದು ಅಲ್ಯೂಮಿನಿಯಂ ಮುಚ್ಚಳ ಹೊತ್ತು ತಂದರು. ಒಂದೊಂದನ್ನೂ ಪಾತ್ರೆಯ ಮೇಲಿಟ್ಟು, ತಿರುಗಿಸಿ, ಸರಿಹೊಂದುವುದನ್ನು ತೋರಿಸಿ, ರೆಕಾರ್ಡುಗಳನ್ನು ಎತ್ತಿಕೊಂಡರು. ಅಡುಗೆಯವರು ಹೊಸ ಮುಚ್ಚಳಗಳನ್ನು ಬೆರಳಿನಿಂದ ತಟ್ಟಿ ನೋಡಿ, “ಇವು ಉಕ್ತವೆ ಕಣಕ್ಕಾ, ತೂತಿಲ್ಲ” ಎಂದರು. ಅತ್ತೆ, “ಮೊಳೆ ಹೊಡಿ, ತೂತಾಗುತ್ತೆ” ಅಂದರು. ಆಕೆ ನಮ್ಮಿಬ್ಬರಿಗೂ ಕೋಸಿನ ಪಲ್ಯ ಹಾಕಿ ಚಪಾತಿ ಕೊಟ್ಟೇ ಕಳಿಸಿದರು.

ವಾಪಸು ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಹೊದಿಕೆಗಳ ಮೂಲೆಯಲ್ಲಿ ಅದೇ ಪೆನ್ಸಿಲಿನ ಅಕ್ಷರ. ಸಿನಿಮಾದವಕ್ಕೆ ಧಾರೆ, ಆರತಿ ಎಂದಿದ್ದ ಹಾಗೆ ಇವಕ್ಕೂ ಗುರುತು: “ಎಲೆ ಹಾಕೋದು”, “ಅನ್ನ ಸಾರು”, “ಪಾಯಸ”, “ಮಜ್ಜಿಗೆ”, “ಕೊನೇ ಪಂಕ್ತಿ, ಜೋರು”. ಒಂದು ಹೊದಿಕೆಯ ಮೇಲೆ ಕಪ್ಪು ಕನ್ನಡಕದ ದಪ್ಪನೆಯ ಒಬ್ಬ ಮನುಷ್ಯ ಸ್ಯಾಕ್ಸಫೋನ್ ಹಿಡಿದು, ಕೆನ್ನೆ ಉಬ್ಬಿಸಿ ನಿಂತಿದ್ದ. ಅವನ ಹೊಟ್ಟೆಯ ಮೇಲೆ ಸರಿಯಾಗಿ “ಹೋಳಿಗೆ” ಎಂದು ಬರೆದಿತ್ತು. ಅತ್ತೆ ಬಗ್ಗಿ ನೋಡಿ, “ತಿಂದಿರೋ ಹಂಗೇ ಅವ್ನೆ” ಅಂದರು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಎಡಬಲದ ಮಗ್ಗದವರು ಕಾಫಿಗೆ ಎದ್ದಿದ್ದರು, ಒಂದಿಷ್ಟು ಹೊತ್ತು ಸದ್ದಿಲ್ಲ. ಕೈಕಾಲು ತೊಳೆದವಳೇ “ಪಾಯಸ” ಎಂದು ಬರೆದಿದ್ದನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಪ್ಲೇಯರಿನ ಮೇಲಿಟ್ಟೆ. ಮುಳ್ಳು ಇಳಿಯಿತು. ಮೊದಲು ಒಗ್ಗರಣೆಯಂತೆ ಚಟಪಟ. ಆಮೇಲೆ ದೊಡ್ಡ ತಂತಿ ವಾದ್ಯವೊಂದು ನಿಧಾನವಾಗಿ ಹೆಜ್ಜೆ ಇಡತೊಡಗಿತು, ಡ್ರಮ್ಮಿನ ಮೇಲೆ ಬ್ರಶ್ಶು ಸವರಿದ ಸದ್ದು, ಅದರ ಮೇಲೆ ಕ್ಲಾರಿನೆಟ್. ಗೋಡೆಗೆ ಒರಗಿದೆ. ಇದೇ. ಇಷ್ಟು ವರ್ಷ ಬಸ್ಸಿನಲ್ಲಿ ಒಂದು ಗಂಟೆಯ ದೂರದಲ್ಲಿತ್ತು.

ಕೇಳಿಸಲೇಬೇಕೆಂದು ಮೈಕ್‌ಸೆಟ್ಟಿನ ಯಜಮಾನರಿಗೆ ಫೋನ್ ಮಾಡಿ, ಸಿಕ್ಕಿತೆಂದು ಹೇಳಿ, ಫೋನನ್ನು ಸ್ಪೀಕರಿನ ಹತ್ತಿರ ಹಿಡಿದೆ. ಆ ಕಡೆ ಅವರು ಎರಡು ಸಲ ಕೆಮ್ಮಿದರು. ಮನಸ್ಸು ತುಂಬಿ ಬಂದಿದೆ ಅಂದುಕೊಂಡೆ.

“ಅಮ್ಮಾ,” ಎಂದರು ಕೊನೆಗೆ, ನೊಂದ ದನಿಯಲ್ಲಿ, “ಇದು ನಮ್ದಲ್ಲ.”

“ಅಲ್ಲ ಯಜಮಾನ್ರೇ, ನಿಮ್ಮದೇ. ನಿಮ್ಮ ಅಕ್ಷರ ಇದೆ, ಪಾಯಸ ಅಂತ.”

“ಪಾಯಸನೇ ಅಲ್ಲ ಇದು. ಜ್ವರ ಬಂದೋರು ಊದ್ದಂಗೈತೆ. ಇದ್ನ ಹಾಕಿದ್ರೆ ಉಣ್ಣೋರು ಎಲೆ ಮೇಲೇ ಮಲಗ್ತಾರೆ. ಆ ಯಮ್ಮ ಬದಲಾಯ್ಸಿ ಕೊಟ್ಟವ್ಳೆ ನೋಡಿ.”

ಹೊದಿಕೆ ತಿರುಗಿಸಿ ನೋಡಿದೆ, ಲೇಬಲ್ ನೋಡಿದೆ, ಎರಡರ ನಂಬರೂ ಒಂದೇ. ಆಗ ಅವರು ಏನೋ ಹೊಳೆದವರಂತೆ, “ಆ ಸ್ಪೀಡಿನ ಕಡ್ಡಿ ಎಲ್ಲಿಟ್ಟಿದೀರಾ?” ಎಂದು ಕೇಳಿದರು.

“ಮೂವತ್ತಮೂರಕ್ಕೆ. ಲೇಬಲ್ ಮೇಲೆ ಹಾಗೇ ಇದೆ.”

“ಅದಕ್ಕೇ ಮತ್ತೆ! ನಲವತ್ತೈದಕ್ಕೆ ಇಡಿ ತಾಯಿ. ಊಟಕ್ಕೆ ಯಾರಾದ್ರೂ ಮೂವತ್ತಮೂರಕ್ಕೆ ಇಡ್ತಾರಾ?”

ನಿಮಿಷಕ್ಕೆ ಮೂವತ್ತಮೂರು ಸುತ್ತು ಸುತ್ತಬೇಕಾದ ರೆಕಾರ್ಡನ್ನು ಅವರು ನಲವತ್ತೈದಕ್ಕೆ ಓಡಿಸುತ್ತಿದ್ದರು. ಅದರಿಂದಲೇ ಪಂಕ್ತಿಗಳು ಅಷ್ಟು ಬೇಗ ಎದ್ದಿದ್ದವು. ವಾದ್ಯದವರು ಇದನ್ನು ನುಡಿಸಿದ್ದು ಹೀಗಲ್ಲ ಎಂದು ವಿವರಿಸಲು ಬಾಯಿ ತೆರೆದೆ. ಆದರೆ ಎಷ್ಟು ಮದುವೆ, ಎಷ್ಟು ಎಲೆ, ಎಷ್ಟು ಜನ. ಅವರು ಕೇಳಿದ್ದು ಇದನ್ನೇ, ಆ ಓಟದಲ್ಲೇ. ನನಗೆ ಆ ಪೆಟ್ಟಿಗೆ ಬೇಕಾಗಿದ್ದೂ ಅವರೆಲ್ಲ ಕೇಳಿದ್ದಾರೆ ಅನ್ನುವುದಕ್ಕಾಗಿಯೇ ಅಲ್ಲವೇ. ಕಡ್ಡಿ ಸರಿಸಿದೆ.

ಕ್ಲಾರಿನೆಟ್ ಎದ್ದು ಓಡಿತು. ತಂತಿ ವಾದ್ಯ ಪಂಚೆ ಎತ್ತಿಕಟ್ಟಿ ಅದರ ಹಿಂದೆ. ಯಜಮಾನರು ಫೋನಿನಲ್ಲಿ ಕೂಗಿದರು: “ಹಾಂ! ಇದೇ ನೋಡಿ ಪಾಯ್ಸ! ಈಗ ಬಕೆಟ್ ಹಿಡ್ಕೊಂಡು ಬರ್ತಾರೆ, ನೋಡ್ತಿರಿ!”

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಚಾಕು, ಅರ್ಧ ಹೆಚ್ಚಿದ ಹುರುಳಿಕಾಯಿ. ತಲೆ ಸ್ವಲ್ಪ ವಾಲಿತ್ತು.

“ಇದು ನನಗ್ಗೊತ್ತು” ಅಂದರು. ಅಷ್ಟೇ. ಹಿತ್ತಲಿಗೆ ಹೋಗಲಿಲ್ಲ, ಸ್ಟೂಲು ಎಳೆದುಕೊಂಡು ಕೂತರು. ಆ ಓಟಕ್ಕೆ ಸರಿಯಾಗಿ ಹುರುಳಿಕಾಯಿ ಹೆಚ್ಚತೊಡಗಿದರು. ಒಂದೂ ತುಂಡು ತಪ್ಪಲಿಲ್ಲ.

“ಮುಗೀತಾ ಪಾಯ್ಸ?” ಎಂದರು ಫೋನಿನೊಳಗಿನ ಯಜಮಾನರು. “ಇನ್ನು ಮಜ್ಜಿಗೆ ಹಾಕಿ ತಾಯಿ. ಜನ ಕಾಯ್ತಾವ್ರೆ.”

ನಾನು ಪೆಟ್ಟಿಗೆಯಲ್ಲಿ “ಮಜ್ಜಿಗೆ” ಹುಡುಕಿದೆ. ಹೊದಿಕೆಯಿಂದ ಎಳೆದು, ಎರಡೂ ಅಂಗೈಗಳ ನಡುವೆ ಅಂಚು ಹಿಡಿದು ಇಟ್ಟೆ. ಕಡ್ಡಿಯನ್ನು ನಲವತ್ತೈದರಲ್ಲೇ ಬಿಟ್ಟೆ.